ಕಡೀ ಗಾಡಿಯ ಕೂಗು

ಹೊಸಪೇಟೆ ಬಸ್ ಸ್ಟ್ಯಾಂಡಿನ ಹೊರಗೆ ಕೂಗಿ ಕೂಗಿ ಟೆಂಪೋಗಳಿಗೆ ಜನ ಹತ್ತಿಸುವುದು ಉಚ್ಚೆಂಗಪ್ಪನ ಕಸುಬಾಗಿತ್ತು. ‘ಕಡ್ಡಿರಾಂಪುರ, ಹಂಪಿ, ಹಂಪೀ!’ ಎಂದು ಅವನು ಗಂಟಲು ತೆರೆದರೆ, ಆಚೆ ಬದಿ ಚಹಾ ಕುಡಿಯುತ್ತಿದ್ದವರೂ ಲೋಟ ಇಟ್ಟು ಓಡಿ ಬರುತ್ತಿದ್ದರು. ಸಂಜೆ ಗಾದಿಗನೂರಿನ ಮನೆಗೆ ಬಂದರೂ ಆ ಗೀಳು ಬಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ‘ಕಡೀ ಗಾಡೀ, ಯಾರದಾರ್ರಿ ಬರೋರು?’ ಎಂದು ಕೂಗುವನು. ಒಳಗಿಂದ ಹೆಂಡತಿ ಹೊಳೆಮ್ಮ, ‘ಸೀಟ್ ಐತೇನ್ರಿ?’ ಎನ್ನುವಳು. ಮಗಳ ಮದುವೆಯಾದ ಮೇಲೂ ಈ ಹುಡುಗಾಟ ನಿಲ್ಲಲಿಲ್ಲ.

ಸಕ್ಕರೆ ಕಾಯಿಲೆ ಹೊಳೆಮ್ಮನ ಕಣ್ಣು ತಿಂದಿತು. ಹಾಳು ಗುಟ್ಕಾ ಉಚ್ಚೆಂಗಪ್ಪನ ಗಂಟಲು ತಿಂದಿತು. ದನಿಪೆಟ್ಟಿಗೆಯನ್ನೇ ತೆಗೆಯುವ ಆಪರೇಶನ್ನಿಗೆ ಮೊದಲು, ಸಂಡೂರಿನ ಕಂಪ್ಯೂಟರ್ ಮೇಷ್ಟ್ರು ಹಂಪೇಶ್ ಅವನ ದನಿ ರೆಕಾರ್ಡ್ ಮಾಡಿ ಒಂದು ಹಳೆಯ ಲ್ಯಾಪ್‌ಟಾಪಿಗೆ ತುಂಬಿಕೊಟ್ಟರು. ಟೈಪ್ ಮಾಡಿದ್ದನ್ನು ಅದು ಅವನದೇ ದನಿಯಲ್ಲಿ ಆಡುತ್ತಿತ್ತು. ಕಣ್ಣಿಲ್ಲದವಳಿಗೆ ಬರೆದು ತೋರಿಸಿ ಏನು ಬಂತು? ಗಂಡಹೆಂಡಿರ ಮಾತೆಲ್ಲ ಆ ಲ್ಯಾಪ್‌ಟಾಪಿನ ಮೇಲೇ ನಿಂತಿತ್ತು.

ಅದೂ ಕೆಟ್ಟಿತು. ರಿಪೇರಿಯಾಗಿ ಬಂದಾಗ ಒಳಗಿದ್ದ ದನಿ ಮಾಯ. ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಹಂಪೇಶ್ ಲಿಂಕ್ ಕಳಿಸಿದರು. ಫೈಲು ಭಾರಿ, ನೆಟ್‌ವರ್ಕ್ ಕುಂಟು, ಬ್ಯಾಟರಿಯಂತೂ ಸತ್ತೇ ಹೋಗಿತ್ತು. ಕರೆಂಟ್ ಹೋದಾಗಲೆಲ್ಲ ಲ್ಯಾಪ್‌ಟಾಪ್ ಆರುತ್ತಿತ್ತು. ಬಂದಷ್ಟನ್ನೂ ಚೆಲ್ಲಿ ಅದು ಮೊದಲಿನಿಂದ ಶುರು ಮಾಡುತ್ತಿತ್ತು.

ಅಂತೂ ಮುಕ್ಕಾಲು ಬಂದಿದ್ದ ಒಂದು ಬೆಳಿಗ್ಗೆ ಹೊಳೆಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ತವರಿಗೆ ಬಂದಿದ್ದ ಮಗಳು ಸುಕನ್ಯಾ ಆಟೋ ಕರೆತಂದು ತಾಯಿಯನ್ನು ಕೂರಿಸಿದಳು.

‘ಅಪ್ಪಾ, ನೀನೂ ನಡಿ, ಜಲ್ದಿ!’

ಉಚ್ಚೆಂಗಪ್ಪ ಹೊಸ್ತಿಲಲ್ಲಿ ಒದ್ದಾಡಿದ. ಪ್ಲಗ್ ಕಿತ್ತರೆ ಮತ್ತೆ ಮೊದಲಿನಿಂದ. ಮೂಕನಾಗಿ ಅವಳ ಪಕ್ಕ ಕುಳಿತು ಏನು ಮಾಡಲಿ? ದನಿ ತಗೊಂಡೇ ಬರುತ್ತೇನೆಂದು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದ. ಕೈ ಹಿಡಿದುಕೊಂಡರೂ ಅವಳಿಗೆ ಗುರುತು ಸಿಗುತ್ತಿತ್ತು. ಆ ಗಾಬರಿಯಲ್ಲಿ ಅದು ಅವನಿಗೆ ತೋಚಲೇ ಇಲ್ಲ.

ಫೈಲು ಪೂರ್ತಿ ಇಳಿಯಿತು. ಅವನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕುತ್ತಿರುವಾಗ ಆಸ್ಪತ್ರೆಯಿಂದ ಸುಕನ್ಯಾಳ ಫೋನ್ ಬಂತು.

‘ಅವ್ವ ಹೋದ್ಲಪ್ಪ. ಕಡೀತನಕ ಕೇಳಿದ್ಲು, ಗಾಡಿ ಎಲ್ಲೀತನಕ ಬಂತು ಅಂತ.’

ಮಣ್ಣು ಮಾಡಿದ ಮೇಲೆ ಹಂಪೇಶ್ ಮಾತಾಡಿಸಿಕೊಂಡು ಹೋಗಲು ಬಂದರು. ಫೈಲಿಗಾಗಿ ಪಟ್ಟ ಪಾಡನ್ನು ಸುಕನ್ಯಾ ಹೇಳಿದಾಗ, ಆ ಒಳ್ಳೆಯ ಮನುಷ್ಯ ಕನಿಕರದಿಂದಲೇ ಅಂದರು:

‘ನನಗೊಂದು ಮೆಸೇಜ್ ಹಾಕಬೇಕಿತ್ತಲ್ರಿ ಯಜಮಾನ್ರ. ಅರ್ಧ ಬಂದಿದ್ದನ್ನ ಉಳಿಸಿಟ್ಟು, ನಿಂತಲ್ಲಿಂದಾನ ಮುಂದ ಇಳಿಸೋ ದಾರಿ ಐತ್ರಿ. ಪ್ಲಗ್ ಕಿತ್ತರೂ ಏನೂ ಹಾಳಾಗ್ತಿರಲಿಲ್ಲ.’

ಸುಕನ್ಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಹಂಪೇಶ್ ಹೋಗಿ ಎಷ್ಟೋ ಹೊತ್ತಿನ ಮೇಲೆ ಉಚ್ಚೆಂಗಪ್ಪ ಲ್ಯಾಪ್‌ಟಾಪ್ ಎಳೆದುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಅವನ ಹಳೆಯ ದನಿ ಮನೆ ತುಂಬ ಎದ್ದಿತು.

‘ಕಡೀ ಗಾಡೀ, ಯಾರದಾರ್ರಿ ಬರೋರು?’

ಅವನು ಹೊಳೆಮ್ಮನ ಮಂಚದ ಕಡೆ ಕಿವಿಗೊಟ್ಟು ಕುಳಿತ. ಸೀಟು ಕೇಳುವವರು ಯಾರೂ ಇರಲಿಲ್ಲ.