ಬಾಗಿಲು ದಾಟುವ ಮುನ್ನ ಹೆಸರು

ಬೆಳಿಗ್ಗೆ ಐದೂ ಮುಕ್ಕಾಲು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವ ಲ್ಯಾಬ್ ನೌಕರ ಮೂರನೇ ಮಹಡಿಯಿಂದ ಇಳಿದು ಬಂದು, ಸ್ಕೂಟರಿನ ಸೀಟಿನ ಮೇಲೆ ಚೀಲ ಬಿಚ್ಚುತ್ತಾನೆ. ಒಳಗೆ ಎರಡು ಟ್ಯೂಬ್. ಒಂದು ಆ ಮನೆಯ ವಯಸ್ಸಾದ ಯಜಮಾನರದು, ಇನ್ನೊಂದು ಅವರ ಹೆಂಡತಿಯದು. ಹೆಸರಿನ ಚೀಟಿ ಇನ್ನೂ ಅಂಟಿಸಿಲ್ಲ.

"ಯಾವ್ದಪ್ಪ ಯಜಮಾನ್ರದ್ದು?" ಪಕ್ಕದಲ್ಲಿ ನಿಂತ ಮಹಿಳೆ ಕೇಳುತ್ತಾರೆ.

"ಇದು... ಅಲ್ಲ ಅಕ್ಕ, ಅದು. ಎಡಗಡೆ ಇಟ್ಟಿದ್ದೆ ಅಲ್ವಾ?"

"ನನ್ನೇನು ಕೇಳ್ತೀಯ? ಮೇಲೆ ಹತ್ತು. ಇಬ್ಬರದ್ದೂ ಮತ್ತೆ ತಗೊಂಡು ಬಾ."

"ಅಜ್ಜಿ ಬೈತಾರಕ್ಕ!"

"ಬೈಸ್ಕೊ. ಅದೇನು ಸೂಜಿಗಿಂತ ಚುಚ್ಚುತ್ತಾ?"

ನಲವತ್ತೊಂಬತ್ತರ ಈ ಮಹಿಳೆ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಟೆಸ್ಟರ್. ಇಂಥ ನೌಕರರ ಮೊಬೈಲಿಗೆ ಕಂಪನಿ ಆ್ಯಪ್ ಮಾಡುತ್ತದೆ. ಅದರ ದೋಷಗಳನ್ನು ಮೊದಲೇ ಹಿಡಿಯುವುದು ಇವರ ಕೆಲಸ. ಮೂರು ವರ್ಷದಲ್ಲಿ ಹಿಡಿದದ್ದು 1,146. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ 'ತಕರಾರು ಅಕ್ಕ'.

ಹಿಂದೆ ಹದಿನಾಲ್ಕು ವರ್ಷ ಇವರೂ ದಿನಕ್ಕೆ ಹದಿನೆಂಟು ಮನೆಗಳ ಮೆಟ್ಟಿಲು ಹತ್ತಿದವರೇ. ಮಂಡಿ ಸವೆದು ಕೆಲಸ ಬಿಡಬೇಕಾಯಿತು. ಅದಕ್ಕೂ ಮೊದಲು ಇದೇ ಕಂಪನಿಗೆ ಹದಿನೇಳು ಸಲ ಫೋನ್ ಮಾಡಿ ಆ್ಯಪ್ ಸರಿಯಿಲ್ಲವೆಂದು ಜಗಳವಾಡಿದ್ದರು. ಕೊನೆಗೆ ಕಂಪನಿಯೇ ಕರೆದು ಕೆಲಸ ಕೊಟ್ಟಿತು. "ಬೈಯೋಕೂ ಸಂಬಳ ಕೊಡ್ತಾರೆ ಅಂತ ಗೊತ್ತಿದ್ರೆ, ಮಂಡಿ ಗಟ್ಟಿ ಇರುವಾಗ್ಲೇ ಬರ್ತಿದ್ದೆ" ಎನ್ನುತ್ತಾರೆ.

ಇವತ್ತಿನ ತಕರಾರು ದೊಡ್ಡದು. ಚೀಟಿಯನ್ನು ಮನೆಯೊಳಗಲ್ಲ, ಕೆಳಗಿಳಿದ ಮೇಲೆ ಅಂಟಿಸಬಹುದು ಎನ್ನುತ್ತದೆ ಆ್ಯಪಿನ ಹೊಸ ಆವೃತ್ತಿ. ಮನೆಗೆ ನಲವತ್ತು ಸೆಕೆಂಡ್ ಉಳಿತಾಯ. ಈ ವೇಗ ತೋರಿಸಿ ಒಂದು ದೊಡ್ಡ ಲ್ಯಾಬ್ ಸಮೂಹವನ್ನು ಗ್ರಾಹಕನಾಗಿ ಗೆಲ್ಲುವುದು ಕಂಪನಿಯ ಲೆಕ್ಕಾಚಾರ. ಚೀಟಿ ಅದಲುಬದಲಾದರೆ ಒಬ್ಬರ ಕಾಯಿಲೆ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ ಎಂಬುದು ಇವರ ವಾದ. ಅದನ್ನು ಪರೀಕ್ಷಿಸಲೆಂದೇ ನಸುಕಿಗೇ ಈ ನೌಕರನ ಜೊತೆ ಬಂದದ್ದು. ತೀರ್ಮಾನ ಹತ್ತು ಗಂಟೆಗೆ, ಕಚೇರಿಯ ಸಭೆಯಲ್ಲಿ.

ಸಭೆಯಲ್ಲಿ ಬೆಳಗಿನ ಸಂಗತಿ ಹೇಳಿದಾಗ ಆ್ಯಪಿನ ಮುಖ್ಯಸ್ಥ ನಗುತ್ತಾರೆ. "ಒಬ್ಬ ಮರೆತ್ರೆ ಅದು ಆ್ಯಪ್ ತಪ್ಪಾ ಅಕ್ಕ?"

ಅಕ್ಕ ನೀರು ತುಂಬಿದ ಆರು ಟ್ಯೂಬ್‌ಗಳನ್ನು ಒಂದೊಂದಾಗಿ ಹೆಸರು ಹೇಳಿ ಮುಖ್ಯಸ್ಥರ ಕೈಗೆ ಕೊಡುತ್ತಾರೆ. ಅವರು ಅವನ್ನು ಚೀಲಕ್ಕೆ ಹಾಕಿಕೊಂಡು, ಮೂರು ಮಹಡಿ ಇಳಿದು ಹತ್ತಿ, ದಾರಿಯಲ್ಲಿ ಎರಡು ಫೋನ್ ಕರೆಗೆ ಉತ್ತರಿಸಿ, ಬಂದು ಚೀಟಿ ಅಂಟಿಸಬೇಕು. ಟ್ಯೂಬ್‌ಗಳ ತಳದಲ್ಲಿ ಅಕ್ಕ ಮೊದಲೇ ಗುರುತು ಹಾಕಿದ್ದಾರೆ. ಮುಖ್ಯಸ್ಥರು ಅಂಟಿಸಿ ಮುಗಿಸಿದ ಮೇಲೆ ತಿರುಗಿಸಿ ನೋಡಿದರೆ ಎರಡು ತಪ್ಪು.

"ನೀವು ಚೆನ್ನಾಗಿ ನಿದ್ದೆ ಮಾಡಿ ಬಂದಿದೀರಿ ಸಾರ್. ಮುಂದಿನ ಮನೆಯವರು ಕಾಯ್ತಾ ಕೂತಿಲ್ಲ. ಆದ್ರೂ ಎರಡು. ವೇಗ ಮಾರೋರು ಬೇಕಾದಷ್ಟು ಜನ ಇದಾರೆ. ಹೆಸರು ತಪ್ಪಲ್ಲ ಅಂತ ಎದೆ ತಟ್ಟಿ ಹೇಳೋರು ಯಾರಿದಾರೆ? ಅದನ್ನ ಮಾರಿ."

"ಸೋತೆ ಅಕ್ಕ" ಎಂದು ಮೊದಲು ಕೈಯೆತ್ತಿದವರು ಮುಖ್ಯಸ್ಥರೇ.

ಈಗ ಮನೆಯೊಳಗೇ ಚೀಟಿ ಅಂಟಿಸಿ ಸ್ಕ್ಯಾನ್ ಮಾಡದಿದ್ದರೆ ಆ್ಯಪಿನಲ್ಲಿ ಮುಂದಿನ ಮನೆಯ ವಿಳಾಸ ತೆರೆಯುವುದೇ ಇಲ್ಲ. ಈ ಉಪಾಯವೂ ಅಕ್ಕನದೇ. ಅವರ ಹೆಸರನ್ನು ಆ್ಯಪಿನಲ್ಲಿ ನಮೂದಿಸೋಣವೇ ಎಂದು ಕಂಪನಿ ಕೇಳಿತಂತೆ. "ನನ್ನ ಹೆಸರು ಯಾಕೆ? ಅವರವರ ಟ್ಯೂಬ್ ಮೇಲೆ ಅವರವರ ಹೆಸರಿದ್ರೆ ಸಾಕು."

ಲ್ಯಾಬ್ ಸಮೂಹ ನಲವತ್ತು ದಿನಗಳ ನಂತರ ಒಪ್ಪಂದಕ್ಕೆ ಸಹಿ ಹಾಕಿತು. ಮೊದಲ ತಿಂಗಳು ಅದರ ಅರವತ್ತು ನೌಕರರು ಮೂವತ್ತೆರಡು ಸಾವಿರ ಟ್ಯೂಬ್ ತಂದರು. ಹೆಸರು ತಪ್ಪಿದ್ದು ಒಂದೂ ಇಲ್ಲ.