ಮುತ್ತನ ಎದೆಯಳತೆ

ರವಿಕೆಗಳಿಗೆ ಅಳತೆ ಹಿಡಿಯುವ ನನ್ನ ಟೇಪು ಮುತ್ತನ ಎದೆಯನ್ನು ಸುತ್ತಿ ಬರಲಿಲ್ಲ. ಇನ್ನೊಂದು ಟೇಪನ್ನು ಅದಕ್ಕೆ ಹೊಲಿದು ಸೇರಿಸಬೇಕಾಯಿತು. ಮುತ್ತ ನಮ್ಮ ಮನೆಯ ಹಳ್ಳಿಕಾರ್ ಎತ್ತು. ಭೇರ್ಯದ ರಾಸು ಪ್ರದರ್ಶನಕ್ಕೆ ಮೂರು ತಿಂಗಳಿರುವಾಗ, ಮಂಡಿನೋವಿನಿಂದ ಕುಳಿತುಬಿಟ್ಟ ಅತ್ತೆ ಅವನ ಮೇವಿನ ಉಸ್ತುವಾರಿಯನ್ನು ನನಗೊಪ್ಪಿಸಿದರು. ಹತ್ತು ವರ್ಷದಿಂದ ಕೊಟ್ಟಿಗೆಯ ಸಗಣಿ ಬಾಚಲಷ್ಟೇ ಅರ್ಹಳಾಗಿದ್ದವಳಿಗೆ ಅದು ಪಟ್ಟಾಭಿಷೇಕವಲ್ಲವೇ, ನೀವೇ ಹೇಳಿ!

ರಾಗಿಹುಲ್ಲು, ಹಸಿಜೋಳದ ಕಡ್ಡಿ, ಬೇಯಿಸಿದ ಹುರುಳಿ, ಕಡಲೆಕಾಯಿ ಹಿಂಡಿ ಎಲ್ಲವನ್ನೂ ತೂಗಿ ಇಡುತ್ತಿದ್ದೆ. ಭಾನುವಾರ ಎದೆ ಅಳೆದು ಗೋಡೆಯ ಮೇಲೆ ಬರೆಯುತ್ತಿದ್ದೆ. ಅರ್ಧ ಬೆರಳಿನಷ್ಟು ಹೆಚ್ಚಿದರೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾವು ಹಾಕಿದ ಮೇವು ಮೈಯಾಗಿ ತುಂಬಿಕೊಳ್ಳುವುದನ್ನು ಕಣ್ಣಾರೆ ಕಾಣುವ ಸುಖದಲ್ಲಿ ಒಂದು ಅಮಲಿದೆ, ಗೆಳೆಯರೇ. ಅಮಲಿಗೆ ಮಾತ್ರ ಅಳತೆಯಿಲ್ಲ. ಪ್ರದರ್ಶನಕ್ಕೆ ಮೂರು ವಾರವಿದೆ ಎನ್ನುವಾಗ ಅಂಕಿ ಅಲ್ಲೇ ನಿಂತಿತು. ನಾನು ಹುರುಳಿಯನ್ನು ಇಮ್ಮಡಿ ಸುರಿದೆ.

ಮರುದಿನ ಬೆಳಗ್ಗೆ ಮುತ್ತ ಮೇವನ್ನು ಮೂಸಲಿಲ್ಲ. ಎಡಪಕ್ಕೆ ತಮಟೆಯಂತೆ ಬಿಗಿದಿತ್ತು, ಉಸಿರು ಮೇಲಕ್ಕೆಳೆಯುತ್ತಿತ್ತು. ಓಡಿಬಂದ ಪಶುವೈದ್ಯರು ಔಷಧಿ ಕುಡಿಸಿ, ಉಬ್ಬರ ಇಳಿದ ಮೇಲೆ ನನ್ನತ್ತ ತಿರುಗಿದರು. "ಎತ್ತನ್ನ ಬೆಳೆಸ್ತಿದೀರೋ, ಊದಿಸ್ತಿದೀರೋ?"

ಸೆರಗಿನಿಂದ ಕಣ್ಣೊರೆಸಿಕೊಂಡೆ. ಉಸ್ತುವಾರಿ ಹೋಯಿತೆಂದುಕೊಂಡೆ. ಅತ್ತೆ ಜಗಲಿಯಿಂದಲೇ ಅಂದರು: "ಅದ್ರ ಒಟ್ಟೆ ಕೇಳ್ಕಂಡು ಆಕ್ಬೇಕು ಕಣಮ್ಮಿ, ನಿನ್ ಆಸೆ ಕೇಳ್ಕಂಡಲ್ಲ. ಅಳಬ್ಯಾಡ. ನಾಳೆಯಿಂದ ಬರೀ ಒಣಹುಲ್ಲು ಆಕು."

ಒಂದು ವಾರ ಒಣಹುಲ್ಲು, ನೀರು, ಸಂಜೆ ನಾಲೆ ಏರಿಯ ಮೇಲೆ ನಡಿಗೆ. ಆಮೇಲೆ ಹುರುಳಿ ಒಂದೊಂದೇ ಹಿಡಿಯಾಗಿ ಮರಳಿತು. ಅವನು ಮೆಲುಕು ಹಾಕುವ ಸದ್ದಿಗೆ ಕಿವಿಗೊಟ್ಟು ಮುಂದಿನ ಹಿಡಿ ಹಾಕುವುದನ್ನು ಕಲಿತೆ. ಟೇಪಿನಲ್ಲಿ ಎರಡು ಬೆರಳು ಇಳಿದಿತ್ತು. ಅದನ್ನೂ ಗೋಡೆಯ ಮೇಲೆ ಬರೆದೆ.

ಪ್ರದರ್ಶನದ ದಿನ ಪಕ್ಕದಲ್ಲಿ ನಿಂತಿದ್ದ ಎತ್ತು ಬೆಟ್ಟದಂತಿತ್ತು. ತೀರ್ಪುಗಾರರು ಮುತ್ತನ ಪಕ್ಕೆಯ ಮೇಲೆ ಅಂಗೈಯಾಡಿಸಿ, "ನಡೆಸಿ" ಎಂದರು. ಅವನು ನಡೆದ! ಕೊಂಬೆತ್ತಿ, ಹಗುರ ಹೆಜ್ಜೆಯಿಡುತ್ತ, ಬಿಸಿಲನ್ನು ಬೆನ್ನ ಮೇಲೆ ಹೊಳೆಯಿಸಿಕೊಂಡು ನಡೆದ. ಬೆಟ್ಟದಂಥ ಎತ್ತಿಗೇ ಮೊದಲ ಬಹುಮಾನ ಬಂತು. ಎರಡನೆಯದಕ್ಕೆ ಮುತ್ತನ ಹೆಸರು ಕೂಗಿದರು.

ಜನ ಮುತ್ತನ ಹಗ್ಗವನ್ನು ಅತ್ತೆಯ ಕೈಗಿತ್ತು ಸುತ್ತುವರಿದರು. "ಪರವಾಗಿಲ್ಲ ಕಣವ್ವ, ಚೆನ್ನಾಗ್ ಸಾಕಿದ್ದೀಯ!"

ಕೋಲೂರಿ ನಿಂತಿದ್ದ ಅತ್ತೆ ಗದರಿದರು: "ನಾನಲ್ಲ ಕಣ್ರಪ್ಪ, ನಮ್ ಸೊಸೆ ಸಾಕಿರೋದು!" ಮೂಗುದಾರದ ಹಗ್ಗವನ್ನು ನನ್ನ ಕೈಗಿಟ್ಟು, ಫೋಟೋ ತೆಗೆಯುವವನ ಮುಂದಕ್ಕೆ ನನ್ನನ್ನೇ ತಳ್ಳಿದರು.