ಅಂಬ್ರಪ್ಪನ ಕಣ್ಣಿನ ಗೊಂಬೆ

ಸುರಪುರದ ಸೀಮೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರೊಳಗೆ ನಮ್ಮ ಅಂಬ್ರಪ್ಪನ ಮುಖವನ್ನು ಗೇಣಿನಷ್ಟು ಹತ್ತಿರದಿಂದ ನೋಡದವರು ಕಡಿಮೆ. ರಂಗಂಪೇಟೆಯಲ್ಲಿ ಹುಟ್ಟಿ, ಯಾದಗಿರಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಸಹಾಯಕನಾಗಿ, ಬದುಕಿನ ಅರ್ಧವನ್ನು ಕಣ್ಣಿನ ಶಿಬಿರಗಳಿಗೆ ಹೋಗುವ ಶಹಾಪುರ, ಸುರಪುರದ ಬಸ್ಸುಗಳಲ್ಲೇ ಕಳೆದವನು. ಡಾಕ್ಟರು ಕಣ್ಣೊಳಗೆ ಲೆನ್ಸ್ ಕೂರಿಸಿ ತಿಂಗಳು ಕಳೆದ ಮೇಲೆ, ಆ ಕಣ್ಣಿಗೆ ಹತ್ತಿರದ್ದು ಎಷ್ಟು ಕಾಣುತ್ತದೆಂದು ಅಳೆದು ಕನ್ನಡಕದ ನಂಬರು ಗೊತ್ತು ಮಾಡುವುದು ಅವನ ಕೆಲಸ.

ಅಳೆಯಲು ಆಸ್ಪತ್ರೆ ಕೊಟ್ಟದ್ದು ಸಣ್ಣಕ್ಷರದ ಹಲಗೆ. ಬರುವವರಲ್ಲಿ ಅಕ್ಷರ ಬಲ್ಲವರು ವಿರಳ. ಹಾಗಾಗಿ ಅವನು ಮೊದಲು ಸೂಜಿಗೆ ದಾರ ಪೋಣಿಸಲು ಕೊಡುತ್ತಿದ್ದ. ಆಮೇಲೆ ತನ್ನ ಮುಖವನ್ನೇ ಮುಂದೆ ತಂದು, ಕಣ್ಣೊಳಗೆ ಗೊಂಬೆ ಕಾಣುತ್ತದೆಯೇ ಎಂದು ಕೇಳುತ್ತಿದ್ದ. ಗೊಂಬೆಯೆಂದರೆ ಅವನ ಕಣ್ಣಿನ ಕಪ್ಪಿನಲ್ಲಿ ಮೂಡುವ, ನೋಡುವವರದೇ ಪುಟ್ಟ ಬಿಂಬ. ಕಂಡಿತೆಂದರೆ ನಂಬರು ಸರಿ. ಮುದುಕಿಯರು ನಗುತ್ತಿದ್ದರು. ಕಟ್ಟಿಕೊಂಡ ಗಂಡನೂ ಇಷ್ಟು ಹತ್ತಿರ ಬಂದು ನೋಡಿಲ್ಲ ಎಂದು ಒಬ್ಬಳು ಅಂದದ್ದನ್ನು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಹೋದ ಮಾಘದಲ್ಲಿ ಸುರಪುರದ ಶಿಬಿರಕ್ಕೆ, ತಿಂಗಳ ಹಿಂದೆ ಪೊರೆ ತೆಗೆಸಿಕೊಂಡಿದ್ದ ಗೊಲ್ಲಾಳಮ್ಮ ಬಂದಳು. ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿದು ಬದುಕುವವಳು. ಕನ್ನಡಕ ಏರಿಸಿದ ಕೂಡಲೇ ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಅಂಬ್ರಪ್ಪ ಮುಖ ಮುಂದೆ ತಂದ. ಆಕೆ ಬಹಳ ಹೊತ್ತು ನೋಡಿದಳು. ಕಿಟಕಿಯ ಬೆಳಕು ಕಾಣುತ್ತದೆ, ಕೆಂಪು ಎಳೆಗಳು ಕಾಣುತ್ತವೆ, ತಾನು ಮಾತ್ರ ಇಲ್ಲ ಎಂದಳು.

ಅವನು ಬೆಳಕಿಗೆ ತಿರುಗಿ ಕೂತ. ಇಲ್ಲ. ಕನ್ನಡಕದ ಗಾಜು ಬದಲಿಸಿದ. ಇಲ್ಲ. ನರ್ಸ್ ನಜೀಮಾಳನ್ನು ಕರೆದು ಎದುರಿಗೆ ಕೂರಿಸಿದರೆ, ಅವಳ ಎರಡೂ ಕಣ್ಣಲ್ಲಿ ಗೊಲ್ಲಾಳಮ್ಮನಿಗೆ ತಲೆಯ ಮೇಲಿನ ಸೆರಗಿನ ಸಮೇತ ತನ್ನ ಗೊಂಬೆ ಕಂಡಿತು. ಮತ್ತೆ ಅಂಬ್ರಪ್ಪನ ಕಡೆ ತಿರುಗಿದಳು; ಅಲ್ಲಿ ಆಗಲೂ ಇಲ್ಲ. ಸಾಯುವವರ ಕಣ್ಣಲ್ಲಿ ಗೊಂಬೆ ನಿಲ್ಲುವುದಿಲ್ಲ ಎಂಬ ಮಾತು ಅಲ್ಲಿದ್ದವರಿಗೆಲ್ಲ ಗೊತ್ತು. ಅಂಬ್ರಪ್ಪನ ಅವ್ವನೂ ಹೇಳುತ್ತಿದ್ದಳು.

ಗೊಲ್ಲಾಳಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಕಣ್ಣೇ ಬರೋಬ್ಬರಿ ಇಲ್ಲ, ತಮ್ಮಾ. ಆಪರೇಶನ್ ಕೆಟ್ಟದ ಅಂತ ಬರಿ."

"ಸೂಜಿ ಪೋಣಿಸಿದಿ ಅಲ್ಲ, ಯವ್ವಾ."

"ಅದು ಕೈಗುಣ. ಕತ್ತಲದಾಗೂ ಪೋಣಸ್ತೀನಿ."

ಅಂಬ್ರಪ್ಪ ಚೀಟಿ ಮುಂದೆ ಎಳೆದುಕೊಂಡ. ಹಾಗೆ ಬರೆದರೆ ಆಕೆಯನ್ನು ಯಾದಗಿರಿಗೆ ಕರೆಸಿ ಚೆನ್ನಾಗಿರುವ ಕಣ್ಣನ್ನು ಮತ್ತೆ ಕೆದಕುತ್ತಾರೆ. ಕಣ್ಣು ಸರಿಯಿದೆ ಎಂದು ಬರೆದರೆ, ಆ ಕಣ್ಣು ಕಂಡದ್ದೂ ಸರಿ. ನಾಳೆ ಇನ್ನೊಮ್ಮೆ ನೋಡೋಣ ಎಂದು ನಜೀಮಾ ಪಿಸುಗುಟ್ಟಿದಳು. ನಾಳೆ ಎಂಬ ಮಾತು ಆಗ ಬಹಳ ಹಿತವಾಗಿತ್ತು ಎಂದು ಅವನು ಆಮೇಲೆ ಹೆಂಡತಿ ಪರಿಮಳಾಳಿಗೆ ಹೇಳಿದನಂತೆ.

"ಹಂಗಾರ ಕಣ್ಣ ಮುಚ್ಚಿ ಪೋಣಸು," ಎಂದ.

ದಾರ ಸೂಜಿಯ ಪಕ್ಕದಿಂದ ಜಾರಿತು. ಮತ್ತೊಮ್ಮೆ ಜಾರಿತು. ಆಕೆಯ ಮುಚ್ಚಿದ ರೆಪ್ಪೆಯ ಕೆಳಗಿನಿಂದ ಕಣ್ಣೀರು ಇಳಿಯುತ್ತಿತ್ತು. ಅಂಬ್ರಪ್ಪ ಕನ್ನಡಕವನ್ನು ತಾನೇ ಆಕೆಯ ಮೂಗಿನ ಮೇಲೆ ಕೂರಿಸಿದ.

"ಕಣ್ಣು ಛಲೋ ಅದ ಯವ್ವಾ. ಇದ್ದದ್ದು ಕಂಡಿ. ನಿಂದೇನು ತಪ್ಪದ?"

ನಂಬರು ಬರೆದು ಕಳಿಸಿದ. ಮುಂದಿನ ಸರದಿಯ ಮುದುಕ ಬಂದು ಕೂತಾಗ ಸೂಜಿ ಮಾತ್ರ ಕೊಟ್ಟ, ಮುಖ ಮುಂದೆ ತರಲಿಲ್ಲ.

ಅಂಬ್ರಪ್ಪ ಆ ಅಮಾವಾಸ್ಯೆ ದಾಟಲಿಲ್ಲ. ಶಹಾಪುರದ ಬಸ್ಸಿನಲ್ಲಿ, ಹಾಡುಹಗಲೇ, ಕೂತಲ್ಲೇ ಎದೆಬಡಿತ ನಿಂತುಹೋಯಿತು. ಕಣ್ಣು ತೆರೆದಿದ್ದರಿಂದ ಹೊರಗೆ ನೋಡುತ್ತಿದ್ದಾನೆಂದೇ ಕಂಡಕ್ಟರ್ ತಿಳಿದಿದ್ದ.

ಗೊಲ್ಲಾಳಮ್ಮ ಈಗಲೂ ಹೊಲಿಯುತ್ತಾಳೆ. ಹೊಲಿಗೆ ಮೊದಲಿಗಿಂತ ಸಣ್ಣ, ನೇರ. ಯಾರಾದರೂ ಎದುರು ಬಂದು ಕೂತರೆ ಮಾತ್ರ ತಲೆ ಎತ್ತುವುದಿಲ್ಲ. ಮೊಮ್ಮಗಳು ತೊಡೆ ಏರಿದರೆ, ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಮುಚ್ಚಿಡುತ್ತಾಳೆ.